ರೈಟರ್ ಲೋಕೇಶನ ಮುನ್ನೂರ ತೊಂಬತ್ತು ಕಿಲೋಮೀಟರ್

ಆ ವರ್ಷ ಪಿಕ್ಕಿಂಗ್ ಶುರುವಾದ ದಿನದಿಂದ ಕಣದಲ್ಲಿ ಕೊನೆಯ ಕಾಫಿ ಹಣ್ಣು ಒಣಗುವವರೆಗೂ ರೈಟರ್ ಲೋಕೇಶನ ಕರೆಂಟು ಗಾಡಿಗೆ ಯಾರೂ ಒಂದು ತೊಟ್ಟು ಕರೆಂಟು ಹಾಕಲಿಲ್ಲ. ಹಾಕುವ ಅಗತ್ಯವೇ ಬೀಳಲಿಲ್ಲ. ಬದಲಿಗೆ ಗಾಡಿಯೇ ಸಂಜೆ ಶೆಡ್ಡಿಗೆ ಬಂದು, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಉಸಿರು ಬಿಟ್ಟು, ತನಗೆ ಹೆಚ್ಚಾದದ್ದನ್ನು ಪ್ಲಗ್ಗಿನ ಮೂಲಕ ವಾಪಸು ಕೊಡುತ್ತಿತ್ತು. ಆ ಕರೆಂಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಎಸ್ಟೇಟಿನ ಪಲ್ಪರ್ ತಿರುಗಿತು, ಬಂಗಲೆಯ ಫ್ರಿಜ್ಜಿನಲ್ಲಿ ಮಂಜುಗಡ್ಡೆ ಕಟ್ಟಿತು, ಆಳುಗಳ ಲೈನ್ ಮನೆಗಳ ಟೀವಿಗಳೆಲ್ಲ ಒಟ್ಟಿಗೆ ಓಡಿದವು, ಕಕ್ಕಬೆ ಪೇಟೆಯ ಬೀದಿ ದೀಪಗಳು ಹಟ ಹಿಡಿದು ಹಗಲಲ್ಲೂ ಉರಿದವು. ಕೊನೆಗೆ ಲೈನ್‌ಮನ್ ಕೈ ಮುಗಿದುಕೊಂಡು ಎಸ್ಟೇಟಿನ ಗೇಟಿಗೆ ಬಂದು, "ರೈಟ್ರೇ, ನಿಮ್ಮ ದಮ್ಮಯ್ಯ, ಸ್ವಲ್ಪ ನಿಧಾನಕ್ಕೆ ಇಳೀರಿ. ನಮ್ಮ ಟ್ರಾನ್ಸ್‌ಫಾರ್ಮರ್ ತಡ್ಕೊಳ್ಳಲ್ಲ" ಎಂದು ಬೇಡಿಕೊಂಡ.

ಇದನ್ನೆಲ್ಲ ಕಂಡವರು ಯಾರು ಎಂದು ಕೇಳಬಾರದು. ಕಂಡವನು ಲೋಕೇಶನೊಬ್ಬನೇ, ಹೇಳುವವನೂ ಅವನೇ. ಹೇಳುವ ಜಾಗ ಪೇಟೆಯಲ್ಲಿ ಚೋಮನ ಕ್ಯಾಂಟೀನು. ಅಲ್ಲಿ ಟೀ ತಣ್ಣಗಾದರೂ ಲೋಕೇಶನ ಮಾತು ತಣ್ಣಗಾಗುತ್ತಿರಲಿಲ್ಲ.

ಕಕ್ಕಬೆಯ ಮೇಲಿನ ಗುಡ್ಡದ ಒಂದು ಕಾಫಿ ಎಸ್ಟೇಟಿನಲ್ಲಿ ಅವನು ರೈಟರ್. ಆಳುಗಳ ಹಾಜರಿ ಹಾಕುವುದು, ಕೊಯ್ದ ಹಣ್ಣು ತೂಗಿಸುವುದು, ಸಾಹುಕಾರರು ಬಂದಾಗ ಅವರ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಡೆಯುವುದು ಅವನ ಕೆಲಸ. ಕಳೆದ ವರ್ಷ ಸಾಹುಕಾರರು ಬ್ಯಾಟರಿಯಲ್ಲಿ ಓಡುವ ಒಂದು ಪುಟ್ಟ ಪಿಕಪ್ ತಂದು ಕೀಲಿಯನ್ನು ಅವನ ಕೈಗೆ ಕೊಟ್ಟಿದ್ದರು. ಅಂದಿನಿಂದ ಭೂಮಿಯ ಮೇಲೆ ಲೋಕೇಶನಿಗೆ ಸಮಾನರು ಉಳಿಯಲಿಲ್ಲ. ಡೀಸೆಲ್ ಜೀಪು ಓಡಿಸುವವರನ್ನು ಕಂಡರೆ ಹಸಿ ಸೌದೆಯ ಒಲೆ ಊದುವವರನ್ನು ಕಂಡಷ್ಟು ಕನಿಕರ. ಬಯಲುಸೀಮೆಯ ಡ್ರೈವರುಗಳೆಂದರೆ ಚಾಪೆಯ ಮೇಲೆ ಈಜುವವರು. ಎಲ್ಲರಿಗಿಂತ ಹೆಚ್ಚಿನ ತಿರಸ್ಕಾರ ಗಾಡಿ ಮಾಡಿದ ಎಂಜಿನಿಯರುಗಳಿಗೆ ಮೀಸಲು. ಗಾಡಿ ಪೂರ್ತಿ ಚಾರ್ಜಿಗೆ ನೂರ ಇಪ್ಪತ್ತು ಕಿಲೋಮೀಟರ್ ಓಡುತ್ತದೆ ಎಂದು ಅವರು ಬರೆದುಬಿಟ್ಟಿದ್ದರು.

"ಏಸಿ ರೂಮಲ್ಲಿ ಗಾಡಿನ ರೋಲರ್ ಮೇಲೆ ನಿಲ್ಸಿ, ಚಕ್ರ ತಿರುಗ್ಸಿ ಲೆಕ್ಕ ಹಾಕಿದವ್ರು ಅವ್ರು" ಎನ್ನುತ್ತಿದ್ದ ಲೋಕೇಶ. "ಗಾಡಿ ಇದ್ದಲ್ಲೇ ಇದೆ, ನೂರ ಇಪ್ಪತ್ತು ಓಡಿತಂತೆ! ಅಂಥವ್ರ ಹತ್ರ ಎಂತ ಮಾತು? ಅದೇ ಗಾಡಿ ನನ್ನ ಕಾಲ್ಕೆಳಗೆ ಮುನ್ನೂರ ತೊಂಬತ್ತು ತೋರಿಸ್ತು. ಎಲ್ಲಾ ಕಾಲಿನ ಗುಣ ಮಾರಾಯ, ಕಾಲಿನ ಗುಣ."

ಹೀಗೆಂದು ಬಲಗಾಲಿನ ಚಪ್ಪಲಿ ಕಳಚಿ, ಆ ಕಾಲನ್ನು ಬೆಂಚಿನ ಮೇಲೆ ಇಟ್ಟು ಎಲ್ಲರಿಗೂ ದರ್ಶನ ಕೊಡುತ್ತಿದ್ದ. ಚೋಮ ಟೀ ಲೋಟವನ್ನು ಆ ಕಾಲಿನಿಂದ ದೂರ ಸರಿಸುತ್ತಿದ್ದ.

ಬೀದಿ ದೀಪಗಳು ಸುಳ್ಳಾದರೂ ಮುನ್ನೂರ ತೊಂಬತ್ತು ಮಾತ್ರ ಸುಳ್ಳಲ್ಲ. ಪಿಕ್ಕಿಂಗಿನ ನಡುವೆ ಒಂದು ಸಂಜೆ ಇನ್ನೆಷ್ಟು ಕಿಲೋಮೀಟರ್ ಓಡಬಹುದು ಎಂದು ತೋರಿಸುವ ಗಾಡಿಯ ಪರದೆಯ ಮೇಲೆ ಆ ಅಂಕಿ ನಿಜವಾಗಿಯೂ ಮೂಡಿತ್ತು. ಲೋಕೇಶ ಅದರ ಪಕ್ಕ ಮುಖವಿಟ್ಟು ಫೋಟೋ ಹೊಡೆದುಕೊಂಡು, ಗಾಡಿ ಕೊಂಡ ಮಡಿಕೇರಿಯ ಶೋರೂಮಿಗೆ ಕಳಿಸಿದ. ಅವರು ಕಣ್ಣಿಗೊತ್ತಿಕೊಂಡು ಬಾಗಿಲೆತ್ತರದ ಫ್ಲೆಕ್ಸ್ ಮಾಡಿಸಿ ನಿಲ್ಲಿಸಿದರು. ಅದರಲ್ಲಿ ಲೋಕೇಶನ ಹಲ್ಲು, ಹಲ್ಲಿನ ಪಕ್ಕ ಅಂಕಿ, ಅಂಕಿಯ ಕೆಳಗೆ 'ನಮ್ಮ ಗ್ರಾಹಕರೇ ಸಾಕ್ಷಿ' ಎಂಬ ಮಾತು. ಶೋರೂಮಿಗೆ ಬಂದವರೆಲ್ಲ ಗಾಡಿ ನೋಡುವುದು ಬಿಟ್ಟು ತನ್ನ ಫ್ಲೆಕ್ಸಿಗೆ ಕೈ ಮುಗಿದು ಹೋಗುತ್ತಾರೆ ಎಂದು ಲೋಕೇಶ ಕ್ಯಾಂಟೀನಿನಲ್ಲಿ ವರದಿ ಮಾಡಿದ.

"ರೈಟ್ರೇ" ಎಂದ ಜೀಪಿನ ಪ್ರವೀಣ್. ಪ್ರವಾಸಿಗರನ್ನು ತಡಿಯಂಡಮೋಳ್ ಬೆಟ್ಟದ ಬುಡದವರೆಗೆ ಹತ್ತಿಸಿ ಇಳಿಸುವವನು ಅವನು. ಅವನ ಜೀಪು ಬರುವುದು ಮೊದಲು ಕಿವಿಗೆ, ಆಮೇಲೆ ಮೂಗಿಗೆ, ಕೊನೆಗೆ ಕಣ್ಣಿಗೆ ತಿಳಿಯುತ್ತಿತ್ತು. "ಮೊನ್ನೆ ಈ ಕಥೆ ಹೇಳುವಾಗ ಬರೀ ಪಲ್ಪರ್ ತಿರುಗ್ತಿತ್ತು. ಇವತ್ತು ಬೀದಿ ದೀಪ ಹತ್ತಿತು. ನಾಳೆ ಮಡಿಕೇರಿಗೂ ಲೈನ್ ಎಳೀತೀರಾ?"

"ಕೇಳಿದ್ರೆ ಎಳೆಯೋಣ. ನಿನ್ನ ಥರ ಹೊಗೆ ಮಾತ್ರ ಕೊಡೋಕಾಗಲ್ಲ ನನ್ಗೆ."

"ಹೊಗೆ ಬಿಟ್ರೂ ನನ್ನ ಜೀಪ್ ಗುಡ್ಡ ಹತ್ತುತ್ತೆ."

"ಹತ್ತುತ್ತೆ, ಇಲ್ಲ ಅಂದವ್ರ್ಯಾರು? ಹತ್ತುವಾಗಲೂ ಕೆಮ್ಮು, ಇಳಿಯುವಾಗಲೂ ಕೆಮ್ಮು. ಒಂದ್ಸಲ ಡಾಕ್ಟ್ರಿಗೆ ತೋರ್ಸು."

ಕ್ಯಾಂಟೀನು ನಕ್ಕಿತು. ಆ ನಗುವಿನ ನಡುವೆಯೇ ಮಾಲತಿ ಒಳಗೆ ಬಂದಳು.

ಮಾಲತಿಯದು ಪೇಟೆಯ ಕೊನೆಯಲ್ಲಿ ಅಡುಗೆ ಮನೆ. ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಗುಡ್ಡದ ಮೇಲಿನ ಹೋಂಸ್ಟೇಗಳಿಗೆ ಮಧ್ಯಾಹ್ನದ ಊಟ ಬೇಯಿಸಿ ಕಳಿಸುತ್ತಾಳೆ. ಬೇಯಿಸುವುದರಲ್ಲಿ ಅವಳಿಗೆ ತೊಂದರೆ ಇರಲಿಲ್ಲ, ತೊಂದರೆಯೆಲ್ಲ ಕಳಿಸುವುದರಲ್ಲಿ. ಪ್ರವೀಣನ ಜೀಪಿಗೆ ಪ್ರವಾಸಿಗರು ಸಿಕ್ಕಿದ ದಿನ ಅವಳ ಸಾಂಬಾರು ಅಂಗಳದಲ್ಲೇ ಕಾಯುತ್ತಿತ್ತು. ಎಲ್ಲಕ್ಕಿಂತ ಮೇಲಿರುವ ಹೋಂಸ್ಟೇ ಬೊಳ್ಳಮ್ಮನದು. ಈ ಸೀಸನ್ ಪೂರ್ತಿ ಊಟ ನಿನ್ನಿಂದಲೇ, ಆದರೆ ಒಂದು ದಿನ ತಡವಾದರೂ ಮಾರನೇ ದಿನದಿಂದ ಬೇರೆಯವರು ಎಂದು ಬೊಳ್ಳಮ್ಮ ಹೇಳಿ ಕಳಿಸಿದ್ದಳು.

"ಲೋಕೇಶಣ್ಣ, ನಾನು ನಿಶ್ಚಯ ಮಾಡ್ದೆ" ಎಂದಳು ಮಾಲತಿ. "ನಿಮ್ಮದೇ ಥರದ ಗಾಡಿ ತಗೊಳ್ತೀನಿ. ಮಡಿಕೇರಿಗೆ ಹೋಗಿ ನೋಡ್ಕೊಂಡು ಬಂದೆ. ನಾಳೆ ಮಧ್ಯಾಹ್ನ ಶೋರೂಮಿನ ಧನುಶ್ರೀ ಮೇಡಂ ಫೋನ್ ಮಾಡ್ತಾರೆ, ಹೂಂ ಅಂದ್ರೆ ಬುಕ್ಕಿಂಗ್ ಆಯ್ತು."

"ನನ್ನ ಫ್ಲೆಕ್ಸ್ ನೋಡ್ದ್ಯಾ?"

"ನೋಡ್ದೆ ಅಣ್ಣ. ಅದನ್ನ ನೋಡಿಯೇ ನಿಶ್ಚಯ ಮಾಡಿದ್ದು. ಗುಡ್ಡಕ್ಕೆ ದಿನಾ ಎರಡು ಸಲ ಲೋಡ್ ಹತ್ತಿಸ್ಬೇಕು ನಾನು. ಅನ್ನದ ಹಂಡೆ, ಸಾರು, ನೀರಿನ ಕ್ಯಾನು, ಗ್ಯಾಸು. ಎರಡು ಸಲಕ್ಕೆ ಐವತ್ತು ಕಿಲೋಮೀಟರ್ರೂ ಇಲ್ಲ. ಮುನ್ನೂರ ತೊಂಬತ್ತು ಓಡೋ ಗಾಡಿಗೆ ಅದೆಂತ ಲೆಕ್ಕ, ಅಲ್ವಾ?"

ಲೋಕೇಶನ ಎದೆಯೊಳಗೆ ಒಂದು ಸಣ್ಣ ಮೊಳೆ ಚುಚ್ಚಿದ ಹಾಗಾಯಿತು. 'ಮಾಲತಿ, ಸ್ವಲ್ಪ ತಡಿ' ಎನ್ನುವ ಮಾತು ಗಂಟಲಿನವರೆಗೆ ಬಂತು. ಅಲ್ಲಿಂದ ಅದನ್ನು ಹೊರಗೆ ತರಬೇಕಾದದ್ದು ಅವನ ನಾಲಿಗೆ. ಆ ನಾಲಿಗೆಗೆ ಅಂಥ ಮಾತುಗಳ ಅಭ್ಯಾಸವಿರಲಿಲ್ಲ.

"ಲೆಕ್ಕವೇ ಅಲ್ಲ" ಎಂದುಬಿಟ್ಟ. "ವಾರಕ್ಕೊಂದ್ಸಲ ಚಾರ್ಜ್ ಹಾಕಿದ್ರೆ ಹೆಚ್ಚು."

"ಹತ್ತಿಸಿ ತೋರಿಸ್ಲಿ ಮತ್ತೆ" ಎಂದ ಪ್ರವೀಣ್ ಮೂಲೆಯಿಂದ. "ಮಾಲತಕ್ಕ, ನಾಳೆ ಬೆಳಿಗ್ಗೆ ನನ್ಗೆ ಟೂರಿಸ್ಟ್ ಉಂಟು, ನಿಮ್ಮ ಊಟ ನನ್ನ ಜೀಪಲ್ಲಿ ಬರಲ್ಲ. ರೈಟ್ರ ಗಾಡೀಲಿ ಕಳ್ಸಿ. ನೋಡೇಬಿಡುವ."

"ನೋಡು, ಯಾರು ಬೇಡ ಅಂದ್ರು?" ಎಂದ ಲೋಕೇಶ.

"ಆದ್ರೆ ರಾತ್ರಿಯೆಲ್ಲ ಕದ್ದು ಚಾರ್ಜ್ ಹಾಕ್ಬಾರ್ದು."

ಇಲ್ಲಿ ಬುದ್ಧಿಯಿರುವ ಮನುಷ್ಯ ಸುಮ್ಮನಿರುತ್ತಿದ್ದ. ಲೋಕೇಶ ಎದ್ದು ಹೊರಗೆ ಹೋಗಿ, ಗಾಡಿಯ ಸೀಟಿನ ಹಿಂದಿನಿಂದ ಚಾರ್ಜಿಂಗ್ ಕೇಬಲ್ಲನ್ನು ಹೆಬ್ಬಾವಿನ ಹಾಗೆ ಎಳೆದು ತಂದು, ಚೋಮನ ಗಲ್ಲಾದ ಮೇಲೆ ದಢಾರನೆ ಹಾಕಿದ. "ಇಟ್ಕೋ. ನಾಳೆ ಇಳಿದು ಬಂದ ಮೇಲೆ ಕೊಡು. ಬೇಡ, ಮುಂದಿನ ವಾರ ಕೊಡು."

ಆ ಕ್ಷಣ ಅವನು ಎಷ್ಟು ಎತ್ತರಕ್ಕೆ ಬೆಳೆದನೆಂದರೆ ಕ್ಯಾಂಟೀನಿನ ಶೀಟು ತಲೆಗೆ ತಾಗಿರಬೇಕು. ಗಾಡಿ ಹತ್ತಿ ಕೂತು ಬಾಗಿಲು ಹಾಕಿಕೊಂಡ ಮೇಲೆಯೇ ಮತ್ತೆ ತನ್ನ ಅಳತೆಗೆ ಇಳಿದದ್ದು.

ಇನ್ನು ಎದೆಯೊಳಗೆ ಚುಚ್ಚಿದ ಆ ಮೊಳೆಯ ವಿಷಯ. ಪಿಕ್ಕಿಂಗ್ ಮುಗಿದ ಮೇಲೆ ಒಂದು ದಿನ ಸಾಹುಕಾರರು ಕೆಳಗಿನ ಗೋದಾಮಿನಿಂದ ಗೊಬ್ಬರದ ಮೂಟೆಗಳನ್ನು ಮೇಲಿನ ತೋಟಕ್ಕೆ ಸಾಗಿಸಲು ಹೇಳಿದ್ದರು. ಪಿಕ್ಕಿಂಗಿನಲ್ಲಿ ಗಾಡಿ ಖಾಲಿ ಹತ್ತುತ್ತಿತ್ತು, ಹಣ್ಣು ತುಂಬಿಕೊಂಡು ಕಣಕ್ಕೆ ಇಳಿಯುತ್ತಿತ್ತು. ಆ ಭಾರವೇ ಗಾಡಿಯನ್ನು ಕೆಳಗೆ ತಳ್ಳುತ್ತಿತ್ತು. ಬ್ರೇಕು ಒತ್ತಿದಷ್ಟೂ ಚಕ್ರದ ಓಟ ಕರೆಂಟಾಗಿ ಬ್ಯಾಟರಿಗೆ ಮರಳುತ್ತಿತ್ತು. ಹತ್ತಲು ತೆಗೆದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಇಳಿಯುವಾಗ ಬಂದುಬಿಡುತ್ತಿತ್ತು. ಗೊಬ್ಬರದ ದಿನ ಅದು ತಲೆಕೆಳಗಾಯಿತು: ಹತ್ತುವುದು ಭಾರ, ಇಳಿಯುವುದು ಖಾಲಿ. ಎರಡನೇ ಸಲ ಹತ್ತುವಷ್ಟರಲ್ಲಿ ಪರದೆಯ ಅಂಕಿ ಬೇಸಿಗೆಯ ತೊರೆಯ ಹಾಗೆ ಬತ್ತಿತು. ಲೋಕೇಶ ಬೆವತು, ಗಾಡಿಯನ್ನು ಮೆಲ್ಲಗೆ ಹಿಂದೆ ಇಳಿಸಿ, "ಗೊಬ್ಬರದ ವಾಸನೆ ಈ ಗಾಡಿಗೆ ಆಗಲ್ಲ ಸಾರ್, ಟ್ರ್ಯಾಕ್ಟರಲ್ಲಿ ಕಳಿಸುವ" ಎಂದು ಸಾಹುಕಾರರಿಗೆ ಹೇಳಿ ಪಾರಾಗಿದ್ದ. ಕಾಲಿನ ಗುಣಕ್ಕೂ ಅಂಕಿಗೂ ಸಂಬಂಧವಿಲ್ಲ ಎಂಬುದು ಆ ದಿನವೇ ಅವನಿಗೆ ತಿಳಿದಿತ್ತು. ತಿಳಿದದ್ದನ್ನು ಅವನು ಯಾರಿಗೂ ಹೇಳಲಿಲ್ಲ, ಮುಖ್ಯವಾಗಿ ತನಗೆ.

ಮಾರನೇ ಬೆಳಿಗ್ಗೆ ಗಾಡಿಯ ಪರದೆ ಎಪ್ಪತ್ತು ಎಂದಿತು. ಬೊಳ್ಳಮ್ಮನ ಹೋಂಸ್ಟೇಗೆ ಹನ್ನೆರಡು ಕಿಲೋಮೀಟರ್ ಇರಬಹುದು. ಸಾಕು ಎನ್ನುತ್ತದೆ ಅಂಕಗಣಿತ. ಆದರೂ ಲೋಕೇಶನಿಗೆ ಎಪ್ಪತ್ತು ಎನ್ನುವುದು ಮರ್ಯಾದೆಯ ಅಂಕಿಯಲ್ಲ ಎನಿಸಿತು. ಫ್ಲೆಕ್ಸಿನ ಮನುಷ್ಯ ಎಪ್ಪತ್ತು ಹಿಡಿದುಕೊಂಡು ಪೇಟೆಗೆ ಹೋಗುವುದೆಂದರೇನು? ಅವನಿಗೊಂದು ಉಪಾಯ ಗೊತ್ತಿತ್ತು. ಮೇಲಿನ ತೋಟದಲ್ಲಿ ಕಡಿದು ಹಾಕಿದ ಸಿಲ್ವರ್ ಓಕ್ ದಿಮ್ಮಿಗಳಿದ್ದವು. ಖಾಲಿ ಗಾಡಿಯನ್ನು ಹತ್ತಿಸಿ, ದಿಮ್ಮಿ ಹೇರಿಸಿಕೊಂಡು ಇಳಿಸಿದ. ಮತ್ತೊಮ್ಮೆ ಹತ್ತಿಸಿದ, ಇಳಿಸಿದ. ಗಾಡಿಯ ಪರದೆಗೆ ಮುಂದಿನ ರಸ್ತೆ ಕಾಣುವುದಿಲ್ಲ. ಈಗಷ್ಟೇ ಕಳೆದ ರಸ್ತೆಯಲ್ಲಿ ಎಷ್ಟು ಖರ್ಚಾಯಿತೋ ಮುಂದೆಯೂ ಅಷ್ಟೇ ಎಂದು ನಂಬುತ್ತದೆ. ಇಳಿಜಾರಿನ ಕೊನೆಯಲ್ಲಿ ನೋಡಿದರೆ ಅದಕ್ಕೆ ಜಗತ್ತೆಲ್ಲ ಇಳಿಜಾರು. ನೂರ ಹತ್ತು ಎಂದಿತು.

ಬ್ಯಾಟರಿಯಲ್ಲಿ ಇದ್ದದ್ದು ಮಾತ್ರ ಕಾಲು ಭಾಗವೂ ಅಲ್ಲ, ಬೆಳಿಗ್ಗೆಗಿಂತ ಒಂದು ಚೂರು ಕಡಿಮೆಯೇ. ಅದನ್ನು ಹೇಳುವ ಶೇಕಡಾ ಲೆಕ್ಕ ಪರದೆಯ ಎಡಮೂಲೆಯಲ್ಲಿ ಸಣ್ಣದಾಗಿ ಇತ್ತು. ಆ ಮೂಲೆಯ ಮೇಲೆ ಲೋಕೇಶ ಭಕ್ತಿಯಿಂದ ಕಾವೇರಮ್ಮನ ಸ್ಟಿಕ್ಕರ್ ಅಂಟಿಸಿದ್ದ.

"ನೂರ ಹತ್ತು!" ಎಂದ, ಮಾಲತಿಯ ಅಂಗಳದಲ್ಲಿ ಗಾಡಿ ನಿಲ್ಲಿಸುತ್ತಾ. "ನಿನ್ನೆ ಎಪ್ಪತ್ತಿತ್ತು. ರಾತ್ರಿಯೆಲ್ಲ ಸುಮ್ನೆ ನಿಂತೇ ನಲ್ವತ್ತು ಬೆಳೆಸ್ಕೊಂಡಿದೆ. ಕೇಬಲ್ ಚೋಮನ ಹತ್ರ ಉಂಟು, ಹೋಗಿ ಕೇಳು."

ಮಾಲತಿ ಗಾಡಿಯನ್ನೊಮ್ಮೆ ಅವನನ್ನೊಮ್ಮೆ ನೋಡಿ, ಅನ್ನದ ಹಂಡೆ ಹೇರಿಸಿದಳು. ಅದರ ಹಿಂದೆ ಕೋಳಿ ಸಾರಿನ ಪಾತ್ರೆ, ಸಾಂಬಾರು, ಪಲ್ಯ, ಅಕ್ಕಿ ರೊಟ್ಟಿಯ ಡಬ್ಬಗಳು, ನೀರಿನ ಕ್ಯಾನುಗಳ ಒಂದು ಸೈನ್ಯ, ಎರಡು ಗ್ಯಾಸ್ ಸಿಲಿಂಡರ್, ಬೊಳ್ಳಮ್ಮ ಹೇಳಿದ್ದ ಒಂದು ಮೂಟೆ ಅಕ್ಕಿ. ಲೋಕೇಶನ ಪ್ರಕಾರ ಆ ದಿನ ಗಾಡಿಯಲ್ಲಿ ಕಕ್ಕಬೆಯ ಅರ್ಧ ಪೇಟೆಯನ್ನೇ ಹೇರಲಾಗಿತ್ತು. ಹಿಂದಿನ ಚಕ್ರಗಳು ಸ್ವಲ್ಪ ಕುಳಿತವು ಎಂಬುದಷ್ಟು ನಿಜ. ಕೊನೆಗೆ ಮಾಲತಿಯೂ ಹತ್ತಿ ಪಕ್ಕದಲ್ಲಿ ಕೂತಳು.

"ನೀನ್ಯಾಕೆ ಬರೋದು? ನಾನಿದ್ದೀನಲ್ಲ."

"ಗಾಡಿ ತಗೊಳ್ಳೋಳು ನಾನಲ್ವಾ ಅಣ್ಣ? ನೋಡ್ಬೇಕು."

ಪೇಟೆ ದಾಟುವವರೆಗೆ ರಸ್ತೆ ಸಮ. ಲೋಕೇಶ ಕಿಟಕಿಗೆ ಮೊಣಕೈ ಕೊಟ್ಟು, ಒಂದು ಬೆರಳಿನಲ್ಲಿ ಸ್ಟೇರಿಂಗ್ ತಿರುಗಿಸುತ್ತಾ, ಹಿಂದೊಮ್ಮೆ ತಾನು ಈ ಗಾಡಿಯನ್ನು ಮಡಿಕೇರಿಯಿಂದ ಸಂಪಾಜೆಗೆ ಇಳಿಸುವಾಗ ಹೆಚ್ಚಾದ ಕರೆಂಟಿಗೆ ದಾರಿಯಲ್ಲಿ ಸಿಕ್ಕವರ ಮೊಬೈಲುಗಳೆಲ್ಲ ತಾವಾಗಿಯೇ ಚಾರ್ಜಾದ ಕಥೆ ಶುರು ಮಾಡಿದ. ಕಥೆ ಅರ್ಧಕ್ಕೆ ಬಂದಾಗ ಏರು ಶುರುವಾಯಿತು.

"ತೊಂಬತ್ತೆಂಟು" ಎಂದಳು ಮಾಲತಿ.

"ಎಂತ?"

"ಇದರಲ್ಲಿ. ನೂರ ಹತ್ತು ಇತ್ತು. ನಾವು ಒಂದು ಕಿಲೋಮೀಟರ್ರೂ ಬಂದಿಲ್ಲ."

"ಅದಾ? ಬೆಳಿಗ್ಗೆ ಬೆಳಿಗ್ಗೆ ಹಂಗೇ. ಮೈ ಬಿಸಿ ಆಗ್ಬೇಕು."

ಮೊದಲ ತಿರುವಿನಲ್ಲಿ ಎಂಬತ್ತೈದು. ಎರಡನೇ ತಿರುವಿನಲ್ಲಿ ಎಪ್ಪತ್ತು. ಬಸ್ಸಿನ ಕಂಡಕ್ಟರ್ ಸ್ಟಾಪು ಕೂಗುವ ಹಾಗೆ ಮಾಲತಿ ಒಂದೊಂದು ಅಂಕಿಯನ್ನೂ ಓದಿ ಹೇಳುತ್ತಿದ್ದಳು. ಲೋಕೇಶನ ಹತ್ತಿರ ಒಂದೊಂದಕ್ಕೂ ಉತ್ತರವಿತ್ತು. ಟಯರಿನಲ್ಲಿ ಗಾಳಿ ಕಡಿಮೆ. ರಸ್ತೆ ಮಾಡಿದವನು ಕಳ್ಳ, ಜಲ್ಲಿ ಎದ್ದಿದೆ. ಎದುರುಗಾಳಿ. ಸಾಂಬಾರಿನ ಬಿಸಿ ಬ್ಯಾಟರಿಗೆ ತಾಗುತ್ತಿದೆ.

"ಸಾಂಬಾರ್ ಹಿಂದೆ ಉಂಟು, ಬ್ಯಾಟರಿ ಕೆಳಗೆ ಉಂಟು" ಎಂದಳು ಮಾಲತಿ.

"ಬಿಸಿಗೆ ಹಿಂದೆ ಮುಂದೆ ಎಂತ ಗೊತ್ತಾಗುತ್ತೆ?"

"ನಲ್ವತ್ತೆರಡು."

ಲೋಕೇಶ ಮೊಣಕೈಯನ್ನು ಕಿಟಕಿಯಿಂದ ಒಳಗೆ ತೆಗೆದುಕೊಂಡ. ಎರಡೂ ಕೈಗಳು ಸ್ಟೇರಿಂಗಿನ ಮೇಲಿದ್ದವು. ಲೋಕಪ್ರಸಿದ್ಧವಾದ ಬಲಗಾಲು ಪೆಡಲಿನ ಮೇಲೆ, ಮಲಗಿದ ಮಗುವಿನ ಹಣೆ ಮುಟ್ಟುವಷ್ಟು ಹಗುರವಾಗಿ ಕುಳಿತಿತ್ತು. ಗಾಡಿ ನಡೆಯುವವನ ವೇಗಕ್ಕೆ ಇಳಿಯಿತು. ಪಕ್ಕದ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಹೆಂಗಸೊಬ್ಬಳು ಅವರ ಜೊತೆಗೇ ಬೇಲಿಯುದ್ದಕ್ಕೂ ನಡೆದು, ಬೇಸರ ಬಂದು ಮುಂದೆ ಹೋದಳು.

"ಈ ಸ್ಟಿಕ್ಕರ್ ಕೆಳಗೆ ಎಂತ ಉಂಟು ಅಣ್ಣ? ಕೆಂಪಗೆ ಮಿಣಿ ಮಿಣಿ ಅಂತಿದೆ."

"ದೇವ್ರನ್ನ ಮುಟ್ಬೇಡ!"

ಮಾಲತಿ ಮೊದಲು ಕಣ್ಣಿಗೊತ್ತಿಕೊಂಡು, ಆಮೇಲೆ ಉಗುರಿನಿಂದ ಕಾವೇರಮ್ಮನನ್ನು ಮೆಲ್ಲಗೆ ಬಿಡಿಸಿ, ತನ್ನ ಪರ್ಸಿನೊಳಗೆ ಗೌರವದಿಂದ ಇಟ್ಟುಕೊಂಡಳು. ಕೆಳಗೆ ಶೇಕಡಾ ನಾಲ್ಕು ಎಂದಿತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಆಮೆಯ ಚಿತ್ರ ಮೂಡಿತು.

"ಆಮೆ ಯಾಕೆ ಬಂತು?"

"ಅದು... ಕಂಪನಿಯವ್ರ ಗುರ್ತು."

ಅಲ್ಲಿಂದ ಮುಂದೆ ಗಾಡಿ ನಿಜವಾಗಿಯೂ ಆಮೆಯಾಯಿತು. ಒಂದು ತಿರುವನ್ನು ತೆವಳಿಕೊಂಡು ದಾಟಿತು. ಮುಂದಿನ ತಿರುವಿನ ನಡುವೆ, ಒಂದು ಕಡೆ ಕಾಫಿ, ಇನ್ನೊಂದು ಕಡೆ ಕಾಡು ಇರುವಲ್ಲಿ, ಸದ್ದಿಲ್ಲದೆ ನಿಂತುಬಿಟ್ಟಿತು. ಡೀಸೆಲ್ ಗಾಡಿಯಾದರೆ ಕೆಮ್ಮಿ, ಗೊರಗೊರ ಎಂದು ಸಾಯುತ್ತದೆ, ಒಂದಿಷ್ಟು ಗೌರವವಿರುತ್ತದೆ. ಇದು ದೀಪ ಆರಿಸಿದಂತೆ ಹೋಯಿತು. ಲೋಕೇಶ ಹ್ಯಾಂಡ್ ಬ್ರೇಕ್ ಎಳೆದ. ಹಿಂದೆ ಹಂಡೆಯ ಮುಚ್ಚಳ ಒಮ್ಮೆ ಟಣ್ ಎಂದಿತು.

ಇನ್ನೂ ಅರ್ಧ ಗುಡ್ಡ ಬಾಕಿಯಿತ್ತು. ಮೇಲೆ ಬೊಳ್ಳಮ್ಮನ ಜಗಲಿಯಲ್ಲಿ ಬೆಟ್ಟ ಹತ್ತಿ ಇಳಿದ ಪ್ರವಾಸಿಗರು ತಟ್ಟೆ ಹಿಡಿದು ಕೂರುವ ಹೊತ್ತು ಹತ್ತಿರವಾಗುತ್ತಿತ್ತು. ಇದು ಲೋಕೇಶನಿಗೂ ಗೊತ್ತು, ಮಾಲತಿಗೂ ಗೊತ್ತು.

"ಶ್..." ಎಂದ ಲೋಕೇಶ, ತುಟಿಯ ಮೇಲೆ ಬೆರಳಿಟ್ಟು. "ಮಾತಾಡ್ಬೇಡ. ಆನೆ."

ಮಾಲತಿಯ ಮುಖದ ಬಣ್ಣ ಹೋಯಿತು. ಆನೆ ಎಂದರೆ ಈ ಊರಿನಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. "ಎಲ್ಲಿ?" ಎಂದಳು ಉಸಿರಿನಲ್ಲೇ.

"ತಿರುವಿನ ಆಚೆ. ವಾಸನೆ ಬಂತು ನನ್ಗೆ. ಅದಕ್ಕೇ ಗಾಡಿ ಆಫ್ ಮಾಡಿದ್ದು. ಒಂಟಿ ಸಲಗ."

ಒಮ್ಮೆ ಬಾಯಿಂದ ಬಿದ್ದ ಮೇಲೆ ಆನೆ ತಾನಾಗಿಯೇ ಬೆಳೆಯತೊಡಗಿತು. ಮೊದಲು ಬರೀ ಸಲಗವಾಗಿದ್ದದ್ದಕ್ಕೆ ಆಮೇಲೆ ನೆಲ ಗೀರುವ ದಂತಗಳು ಬಂದವು. ಒಂದು ದಂತ ಮುರಿದಿತ್ತು. ಮುರಿದದ್ದು ಒಂದು ಲಾರಿಯನ್ನು ಮಗುಚುವಾಗ. ಲೋಕೇಶ ಪಿಸುಮಾತಿನಲ್ಲಿ ಎಷ್ಟು ಚೆನ್ನಾಗಿ ಹೇಳಿದನೆಂದರೆ ಅವನ ಕೈಯ ಕೂದಲೇ ನಿಮಿರಿ ನಿಂತಿತು. ಆನೆ ಇದೆ ಎಂದು ಅವನಿಗೂ ಅನಿಸತೊಡಗಿತು. ಮಾಲತಿ ಸೀಟಿನಲ್ಲಿ ಮುದುಡಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳ ಇನ್ನೊಂದು ಕೈ ಹಿಂದೆ ಚಾಚಿ, ಕಿಂಡಿಯಿಂದ ಸಾಂಬಾರಿನ ಪಾತ್ರೆಯ ಬಿಸಿ ನೋಡುತ್ತಿತ್ತು.

ಆಗ ತಿರುವಿನ ಆಚೆಯಿಂದ ಕೆಮ್ಮು ಕೇಳಿಸಿತು. ಕೆಮ್ಮಿನ ಹಿಂದೆ ಹೊಗೆ, ಹೊಗೆಯ ಹಿಂದೆ ಪ್ರವೀಣನ ಜೀಪು. ಪ್ರವಾಸಿಗರನ್ನು ಮೇಲೆ ಬಿಟ್ಟು ಖಾಲಿಯಾಗಿ ಇಳಿಯುತ್ತಿದ್ದವನು ಇವರನ್ನು ಕಂಡು ನಿಲ್ಲಿಸಿದ.

"ಎಂತ ರೈಟ್ರೇ, ಇಲ್ಲಿ ಧ್ಯಾನಕ್ಕೆ ಕೂತಿದ್ದೀರಾ?"

"ಪ್ರವೀಣಾ, ಮೆಲ್ಲಗೆ!" ಎಂದಳು ಮಾಲತಿ. "ಆನೆ! ನಿನ್ನ ಹಿಂದೆ!"

ಪ್ರವೀಣ್ ಬೆಚ್ಚಿ ಹಿಂದೆ ನೋಡಿದ. ಖಾಲಿ ರಸ್ತೆ. ಒಂದು ಕರು ಮೇಯುತ್ತಿತ್ತು. "ಯಾವ ಆನೆ? ನಾನು ಅಲ್ಲಿಂದ್ಲೇ ಬಂದೆ. ಮೇಲಿಂದ ಇಲ್ಲಿವರೆಗೆ ಒಂದು ನಾಯಿ ಕೂಡ ಅಡ್ಡ ಬಂದಿಲ್ಲ." ಆಮೇಲೆ ಅವನ ಕಣ್ಣು ಕಿಟಕಿಯೊಳಗೆ ಹಾದು ಕಪ್ಪಾದ ಪರದೆಯ ಮೇಲೆ ನಿಂತಿತು. ಮುಖದ ಮೇಲೆ ನಿಧಾನವಾಗಿ ಒಂದು ನಗು ಹರಡಿತು. "ಓಹೋ. ಆನೆ ಗಾಡಿಯೊಳಗೇ ಸತ್ತು ಬಿದ್ದಿದೆಯಲ್ಲ."

ಮಾಲತಿ ಸೆರಗು ಕೆಳಗಿಳಿಸಿದಳು. ಲೋಕೇಶನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡು ಅವನು ಮುಖ ಗಟ್ಟಿ ಮಾಡಿಕೊಂಡ. ಬೈಗುಳಕ್ಕೆ ಅವನ ಬಳಿ ಎದುರುತ್ತರಗಳ ಉಗ್ರಾಣವೇ ಇತ್ತು. ಅವಳು ಬೈಯಲಿಲ್ಲ.

"ನನ್ಗೆ ನಿಜವಾಗ್ಲೂ ಹೆದ್ರಿಕೆ ಆಯ್ತು ಅಣ್ಣ" ಎಂದಳಷ್ಟೆ. ಇಳಿದು, ಪ್ರವೀಣನ ಕಡೆ ತಿರುಗಿ, "ತಿರುಗಿಸು ಜೀಪ್. ಹಂಡೆ ಹಿಡಿ" ಎಂದಳು.

ಪ್ರವೀಣ್ ಜೀಪು ತಿರುಗಿಸಿದ. ಮೂವರೂ ಸೇರಿ ಸಾಗಿಸಿದರು. ಲೋಕೇಶ ಕೋಳಿ ಸಾರಿನ ಪಾತ್ರೆ ಹೊತ್ತು, ತುಳುಕಿ ಅಂಗಿಯ ಮೇಲೆ ಬಿದ್ದದ್ದನ್ನು ಒರೆಸಿಕೊಳ್ಳುವ ಧೈರ್ಯವಿಲ್ಲದೆ ನಿಂತ. ಪ್ರವೀಣ್ ಸಿಲಿಂಡರ್ ಎತ್ತುವಾಗೊಮ್ಮೆ, ಇಳಿಸುವಾಗೊಮ್ಮೆ ಸುಮ್ಮನೆ ಕೆಮ್ಮುತ್ತಿದ್ದ. ಅದು ಮಾತಿಗಿಂತ ಹೆಚ್ಚಾಗಿತ್ತು.

ಅನ್ನದ ಹಂಡೆ ಜೀಪಿಗೇರುವ ಹೊತ್ತಿಗೆ ಮಾಲತಿಯ ಫೋನು ಹೊಡೆದುಕೊಂಡಿತು. ಆ ಗುಡ್ಡದಲ್ಲಿ ನೆಟ್‌ವರ್ಕ್ ಸಿಗುವ ಜಾಗಗಳು ಕಡಿಮೆ. ಆ ತಿರುವು ಅವುಗಳಲ್ಲೊಂದು. ಲೋಕೇಶನ ಅದೃಷ್ಟ ಅಷ್ಟರಮಟ್ಟಿಗೆ ಕೆಟ್ಟಿತ್ತು.

"ಹಲೋ ಮಾಲತಿ ಮೇಡಂ, ನಾನು ಧನುಶ್ರೀ, ಶೋರೂಮಿಂದ. ಬುಕ್ಕಿಂಗ್ ಕನ್ಫರ್ಮ್ ಮಾಡ್ಲಾ?"

ಮಾಲತಿ ಫೋನನ್ನು ಸ್ಪೀಕರಿಗೆ ಹಾಕಿ, ಗಾಡಿಯ ಬಾನೆಟ್ಟಿನ ಮೇಲೆ, ಲೋಕೇಶನ ಎದುರಿಗೆ ಇಟ್ಟಳು.

"ಮೇಡಂ, ನಿಮ್ಮ ಫ್ಲೆಕ್ಸಿನವ್ರು ಇಲ್ಲೇ ಇದ್ದಾರೆ. ನೂರ ಹತ್ತು ಅಂದ ಗಾಡಿ ಅರ್ಧ ಗುಡ್ಡಕ್ಕೆ ಬರೋವಾಗ ನಿಂತಿದೆ. ಅವ್ರೇ ಹೇಳ್ಲಿ. ಅವ್ರು ಹೇಳಿದ್ರೆ ನಾನು ತಗೊಳ್ತೀನಿ."

"ಓ, ಲೋಕೇಶ್ ಸರ್! ನಮಸ್ತೆ ಸರ್! ನಿಮ್ಮ ಫೋಟೋ ನೋಡಿ ಎಷ್ಟು ಜನ ವಿಚಾರಿಸ್ತಿದ್ದಾರೆ ಗೊತ್ತಾ? ಹೇಳಿ ಸರ್, ಮುನ್ನೂರ ತೊಂಬತ್ತು ಬಂದಿದ್ದು ನಿಜ ತಾನೇ?"

ಲೋಕೇಶ ಗಂಟಲು ಸರಿ ಮಾಡಿಕೊಂಡ. ತಲೆಯೊಳಗೆ ಮೂರು ಭರ್ಜರಿ ಉತ್ತರಗಳು ಸಾಲಾಗಿ ನಿಂತಿದ್ದವು. ಮೊದಲನೆಯದರಲ್ಲಿ ಬ್ಯಾಟರಿಗೆ ಇಲಿ ಕಚ್ಚಿತ್ತು. ಎರಡನೆಯದರಲ್ಲಿ ಪ್ರವೀಣನ ಪಿತೂರಿಯಿತ್ತು. ಮೂರನೆಯದು ಇನ್ನೂ ಬೆಳೆಯುತ್ತಿತ್ತು, ಅದರಲ್ಲಿ ಸಿಡಿಲಿತ್ತು. ಮಾಲತಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಹೂಂ ಅಂದರೆ ಅವಳು ಇನ್ನೂ ನಂಬುತ್ತಾಳೆ, ಇಷ್ಟಾದ ಮೇಲೂ. ಅದು ಆ ಮುಖದಲ್ಲೇ ಕಾಣಿಸುತ್ತಿತ್ತು. ಆ ನಂಬಿಕೆಯ ಮುಂದೆ ಇಲಿ, ಪಿತೂರಿ, ಸಿಡಿಲು ಮೂರೂ ಒಂದೊಂದಾಗಿ ಬಾಲ ಮುದುರಿಕೊಂಡು ಹೋದವು.

"ಅಂಕಿ ನಿಜ ಮೇಡಂ" ಎಂದ. ಧ್ವನಿ ಅವನದಲ್ಲವೇನೋ ಎಂಬಷ್ಟು ಸಣ್ಣಗಿತ್ತು. "ಆದ್ರೆ ಅದು ಇಳಿಯೋ ಅಂಕಿ. ಖಾಲಿ ಹತ್ತಿಸಿ, ಹಣ್ಣು ತುಂಬ್ಕೊಂಡು ಇಳೀತಿದ್ದೆ. ಇಳಿದು ಮುಗಿದ ಮೇಲೆ ಕೆಳಗೆ ನಿಂತು ಫೋಟೋ ಹೊಡ್ದಿದ್ದು. ಒಂದು ದಿನಕ್ಕೂ ಅಷ್ಟು ಓಡಿಸಿಲ್ಲ."

"ಸರ್, ಆದ್ರೆ ಚಾರ್ಜೇ ಹಾಕಲ್ಲ ಅಂತ ನೀವೇ ಹೇಳಿದ್ರಲ್ಲ..."

"ಹಾಕ್ತಿದ್ದೆ. ಎರಡು ದಿನಕ್ಕೊಂದ್ಸಲ, ಪಲ್ಪರ್ ಶೆಡ್ಡಲ್ಲಿ. ಇವತ್ತು ಬೆಳಿಗ್ಗೆ ಸಹ ದಿಮ್ಮಿ ಹೇರ್ಕೊಂಡು ಇಳಿಸಿ ಇಳಿಸಿ ನೂರ ಹತ್ತು ಮಾಡಿದ್ದು. ಬ್ಯಾಟರಿ ಬೆಳಿಗ್ಗೆನೇ ಖಾಲಿ ಆಗ್ತಾ ಬಂದಿತ್ತು. ನೀವು ಆ ಫ್ಲೆಕ್ಸ್ ತೆಗೀರಿ."

ಪ್ರವೀಣ್ ಕೆಮ್ಮುವುದನ್ನು ಮರೆತಿದ್ದ.

"ಬುಕ್ಕಿಂಗ್ ಈಗ ಬೇಡ ಮೇಡಂ" ಎಂದಳು ಮಾಲತಿ. ಆಮೇಲೆ ಲೋಕೇಶನಿಗೆ, "ಪೂರ್ತಿ ಚಾರ್ಜ್ ಹಾಕಿ, ಇಷ್ಟೇ ಲೋಡ್ ಹಾಕಿ ಹತ್ತಿಸಿದ್ರೆ ಎಷ್ಟು ಬರುತ್ತೆ ಅಣ್ಣ? ಎರಡು ಸಲ ಹತ್ತುತ್ತಾ, ಇಲ್ವಾ? ಅಷ್ಟು ಹೇಳಿ, ಸಾಕು."

ಲೋಕೇಶ ಅಂಗಿಯ ಮೇಲಿನ ಸಾರನ್ನು ನೋಡಿಕೊಂಡ.

"ಗೊತ್ತಿಲ್ಲ ಮಾಲತಿ" ಎಂದ. "ಗೊಬ್ಬರ ಹತ್ತಿಸಿದ ದಿನ ಅಂಕಿ ಇಳಿಯೋಕೆ ಶುರುವಾಯ್ತು. ಎಲ್ಲಿ ಹೋಗಿ ನಿಲ್ಲುತ್ತೋ ಅಂತ ಹೆದ್ರಿ ಹಿಂದಕ್ಕೆ ತಿರುಗಿಸ್ದೆ. ಆಮೇಲೆ ನಾನು ಒಂದ್ಸಲವೂ ಅಳೆದು ನೋಡಿಲ್ಲ."